ಸಿಎಂಇ ನಡೆಸುವವರಿಗೊಂದು ಉಚಿತ ಆನ್‌ಲೈನ್ ಸೆಷನ್: ಪದೇ ಪದೇ ಕೇಳುವ ಪ್ರಶ್ನೆಗಳು

ನೋಂದಣಿ ಶುರುವಾದ ಮೇಲೆ ಮಂಗಳೂರು, ಉಡುಪಿ, ಮಣಿಪಾಲ, ಪುತ್ತೂರು, ಕುಂದಾಪುರದ ಕಡೆಯಿಂದ ಫೋನ್ ಬರುತ್ತಲೇ ಇವೆ. ಪ್ರಶ್ನೆಗಳು ಹೆಚ್ಚುಕಡಿಮೆ ಇವೇ. ಒಬ್ಬೊಬ್ಬರಿಗೂ ಬೇರೆ ಬೇರೆ ಟೈಪ್ ಮಾಡಿ ಬೆರಳು ನೋಯತೊಡಗಿತು. ಹಾಗಾಗಿ ಎಲ್ಲವನ್ನೂ ಒಂದೇ ಕಡೆ ಬರೆದಿಟ್ಟಿದ್ದೇನೆ.

ಇದು ಇನ್ನೊಂದು ಸಿಎಂಇಯಾ?

ಅಲ್ಲ. ಸಿಎಂಇ ನಡೆಸುವವರು ಕೂತು ಮಾತಾಡುವ ಒಂದೂವರೆ ಗಂಟೆ.

ಓದು ಮುಗಿಸಿ ಪ್ರಾಕ್ಟೀಸ್ ಮಾಡುತ್ತಿರುವ ವೈದ್ಯರು ಮತ್ತೆ ಮತ್ತೆ ಕಲಿಯುವುದಕ್ಕೆ ನಾವೆಲ್ಲ ಸಿಎಂಇ (ಕಂಟಿನ್ಯೂಯಿಂಗ್ ಮೆಡಿಕಲ್ ಎಜುಕೇಷನ್) ಅಂತಲೇ ಹೇಳುವುದು. ಅಲ್ಲಿ ವೇದಿಕೆ ಮೇಲೆ ಕಾಣುವವರು ಸ್ಪೀಕರ್, ಚೇರ್‌ಪರ್ಸನ್, ದೀಪ ಹಚ್ಚುವ ಅತಿಥಿ. ಕಾಣದವರು ಬೇರೆ ಇದ್ದಾರೆ. ಮೆಡಿಕಲ್ ಕೌನ್ಸಿಲ್‌ಗೆ ಅರ್ಜಿ ಹಾಕುವವರು, ಸ್ಪೀಕರ್‌ಗೆ ಮೂರು ಸಲ ಫೋನ್ ಮಾಡಿ ಸ್ಲೈಡ್ ತರಿಸಿಕೊಳ್ಳುವವರು, ಊಟಕ್ಕೆ ಎಷ್ಟು ಜನ ಎಂದು ಕ್ಯಾಟರಿಂಗ್‌ನವರಿಗೆ ಹೇಳುವವರು, ಸರ್ಟಿಫಿಕೇಟ್‌ನಲ್ಲಿ ಹೆಸರಿನ ಸ್ಪೆಲ್ಲಿಂಗ್ ತಪ್ಪಿದರೆ ಬೈಸಿಕೊಳ್ಳುವವರು. ಈ ಸೆಷನ್ ಅವರಿಗೆ. ನಾನೂ ಅವರಲ್ಲೊಬ್ಬ.

ಯಾರೆಲ್ಲ ಬರಬಹುದು?

"ಈ ಸಲ ಆರ್ಗನೈಸಿಂಗ್ ಸೆಕ್ರೆಟರಿ ನೀವೇ" ಎಂದು ಹೇಳಿಸಿಕೊಂಡ ಅಸಿಸ್ಟೆಂಟ್ ಪ್ರೊಫೆಸರ್, ಆಸ್ಪತ್ರೆಯ ಅಕಾಡೆಮಿಕ್ ಆಫೀಸಿನವರು, ವೈದ್ಯರ ಸಂಘದ ತಾಲೂಕು ಶಾಖೆಯ ಕಾರ್ಯದರ್ಶಿಗಳು, ನರ್ಸಿಂಗ್ ಟ್ಯೂಟರ್‌ಗಳು, ಎಚ್ಒಡಿ (ವಿಭಾಗದ ಮುಖ್ಯಸ್ಥರು) ಹೇಳಿದ್ದಕ್ಕೆ ಇಲ್ಲ ಅನ್ನಲಾಗದೆ ರಿಜಿಸ್ಟ್ರೇಷನ್ ಟೇಬಲ್‌ನಲ್ಲಿ ಕೂತ ಪಿಜಿ ವಿದ್ಯಾರ್ಥಿಗಳು. ಎಲ್ಲರೂ ಬನ್ನಿ.

ನಮ್ಮ ಎರಡು ಜಿಲ್ಲೆಗಳಲ್ಲಿ ಈ ಕೆಲಸ ಮಾಡುವವರು ಕಡಿಮೆ ಏನಿಲ್ಲ. ಕಂಕನಾಡಿಯ ಫಾದರ್ ಮುಲ್ಲರ್ ಸಂಸ್ಥೆ ಶುರುವಾದದ್ದು 1880ರಲ್ಲಿ. ಮಣಿಪಾಲದ ಕಸ್ತೂರ್ಬಾ ಮೆಡಿಕಲ್ ಕಾಲೇಜು 1953ರದ್ದು, ಎರಡೇ ವರ್ಷಕ್ಕೆ ಮಂಗಳೂರಿನಲ್ಲೂ ಒಂದಾಯಿತು. ದೇರಳಕಟ್ಟೆ ಕಡೆ ಹೋದರೆ ಮೆಡಿಕಲ್ ಕಾಲೇಜು ಒಂದಾದ ಮೇಲೊಂದು. ಇಷ್ಟೆಲ್ಲ ಇದ್ದರೂ ಸಿಎಂಇ ನಡೆಸುವುದು ಹೇಗೆ ಎಂದು ಯಾರೂ ಯಾರಿಗೂ ಕಲಿಸುವುದಿಲ್ಲ. ಹೋದ ವರ್ಷದ ಫೈಲ್ ಕೈಗೆ ಕೊಡುತ್ತಾರೆ, ತಾರೀಖು ಬದಲಿಸಿ ಅನ್ನುತ್ತಾರೆ. ನನಗೂ ಹಾಗೇ ಸಿಕ್ಕಿದ್ದು.

ನಿಜವಾಗಿ ಉಚಿತವಾ? ಹಿಂದೆ ಯಾರ ದುಡ್ಡು ಉಂಟು?

ಈ ಪ್ರಶ್ನೆ ಕೇಳಿದವರನ್ನು ಕಂಡರೆ ನನಗೆ ಖುಷಿ. ಕೇಳಲೇಬೇಕಾದ್ದು.

ಯಾರ ದುಡ್ಡೂ ಇಲ್ಲ. ಮಾತಾಡುವವರು ನಾವು ನಾಲ್ಕು ಜನ, ಯಾರಿಗೂ ಸಂಭಾವನೆ ಇಲ್ಲ. ಜೂಮ್ ಅಕೌಂಟ್‌ಗೆ ನಮ್ಮಲ್ಲೊಬ್ಬರು ಹೇಗೂ ವರ್ಷದ ದುಡ್ಡು ಕಟ್ಟಿದ್ದಾರೆ. ಊಟ ಇಲ್ಲ, ಬ್ಯಾಗ್ ಇಲ್ಲ, ಪೆನ್ನೂ ಇಲ್ಲ. ಹಾಗಾಗಿ ಖರ್ಚೂ ಇಲ್ಲ.

ಔಷಧ ಕಂಪನಿಯ ಸಹಾಯ ತೆಗೆದುಕೊಳ್ಳಬಹುದಿತ್ತಲ್ಲ ಎಂದು ಒಬ್ಬರು ಕೇಳಿದರು. ಬೇಡ ಅನ್ನಿಸಿತು. ವೈದ್ಯರ ನಡತೆಯ ನಿಯಮಗಳು 2002ರವು. 2009ರಲ್ಲಿ ತಿದ್ದುಪಡಿ ಮಾಡಿ, ಕಂಪನಿಗಳಿಂದ ಉಡುಗೊರೆ, ಪ್ರಯಾಣದ ಖರ್ಚು, ಆತಿಥ್ಯ ಯಾವುದನ್ನೂ ವೈದ್ಯರು ತೆಗೆದುಕೊಳ್ಳಬಾರದು ಎಂದು ಸೇರಿಸಿದರು. 2024ರ ಮಾರ್ಚ್‌ನಲ್ಲಿ ಕೇಂದ್ರ ಸರ್ಕಾರದ ಔಷಧ ಇಲಾಖೆ ಕಂಪನಿಗಳಿಗೂ ಮಾರ್ಕೆಟಿಂಗ್ ಸಂಹಿತೆ ಹೊರಡಿಸಿತು. ಅದರ ಪ್ರಕಾರ ಕಂಪನಿಗಳು ಸಿಎಂಇಗೆ ಬೆಂಬಲ ಕೊಡಬಹುದು, ಆದರೆ ಲೆಕ್ಕ ಎಲ್ಲರಿಗೂ ಕಾಣುವ ಹಾಗಿರಬೇಕು. ವಿದೇಶದಲ್ಲಿ ನಡೆಸುವ ಹಾಗಿಲ್ಲ. ನೀವು ದೊಡ್ಡ ಸಿಎಂಇ ನಡೆಸುವಾಗ ಕಂಪನಿಗಳಿಗೆ ಸ್ಟಾಲ್ ಕೊಡುವುದೋ ಬೇಡವೋ, ಕೊಟ್ಟರೆ ಟಾಪಿಕ್ ಆರಿಸುವಾಗ ಅವರನ್ನು ಹೇಗೆ ದೂರ ಇಡುವುದು ಎಂಬುದಕ್ಕೆ ಸೆಷನ್‌ನಲ್ಲಿ ಹದಿನೈದು ನಿಮಿಷ ಇಟ್ಟಿದ್ದೇವೆ. ಬಾಗಿಲಲ್ಲಿ ನಿಂತು ನಗುವ ಎಂ.ಆರ್. (ಔಷಧ ಕಂಪನಿಯ ಮೆಡಿಕಲ್ ರೆಪ್) ಹುಡುಗನ ಮೇಲೆ ನನಗೆ ಸಿಟ್ಟಿಲ್ಲ, ಅವನದ್ದೂ ಟಾರ್ಗೆಟ್ ಪಾಡು. ಆದರೆ ಮೂರನೇ ಸ್ಲೈಡ್‌ಗೇ ಬ್ರ್ಯಾಂಡ್ ಹೆಸರು ಬಂದರೆ ತಪ್ಪು ನಮ್ಮದು, ಸ್ಲೈಡ್ ಮೊದಲೇ ನೋಡದ ನಮ್ಮದು.

ನಾವು ಫಾರ್ಮ್‌ನಲ್ಲಿ ಕೊಟ್ಟ ನಂಬರ್ ಯಾರಿಗೆ ಹೋಗುತ್ತದೆ?

ಎಲ್ಲಿಗೂ ಹೋಗುವುದಿಲ್ಲ. ಹೆಸರು, ಊರು, ಕೆಲಸ, ಒಂದು ಇಮೇಲ್ ಅಥವಾ ಫೋನ್ ಇಷ್ಟೇ ಕೇಳಿದ್ದೇವೆ. ಸೆಷನ್ ಮುಗಿದ ತಿಂಗಳೊಳಗೆ ಪಟ್ಟಿ ಅಳಿಸುತ್ತೇವೆ.

ಕ್ರೆಡಿಟ್ ಅವರ್ ಸಿಗುತ್ತದಾ?

ಇಲ್ಲ. ಕ್ರೆಡಿಟ್ ಅವರ್ ಅಂದರೆ ಮೆಡಿಕಲ್ ಕೌನ್ಸಿಲ್ ಲೆಕ್ಕಕ್ಕೆ ಹಿಡಿಯುವ ಸಿಎಂಇ ಗಂಟೆ. ಅದಕ್ಕೆ ನಾವು ಅರ್ಜಿ ಹಾಕಿಲ್ಲ. ಇದನ್ನು ದೊಡ್ಡ ಅಕ್ಷರದಲ್ಲಿ ಓದಿಕೊಳ್ಳಿ, ಆಮೇಲೆ ಬೇಸರ ಬೇಡ. ಬಂದಿದ್ದಕ್ಕೆ ಒಂದು ಪತ್ರ ಬೇಕಾದರೆ ಇಮೇಲ್‌ನಲ್ಲಿ ಕಳಿಸುತ್ತೇವೆ. ಅದನ್ನು ವೈದ್ಯರ ರಿಜಿಸ್ಟ್ರೇಷನ್ ರಿನ್ಯೂವಲ್‌ಗೆ ಇಡಲು ಬರುವುದಿಲ್ಲ.

ಕ್ರೆಡಿಟ್ ಬಗ್ಗೆ ಗೊಂದಲ ಇರುವವರಿಗೆ ಇಷ್ಟು ಹೇಳುತ್ತೇನೆ. 2002ರ ನಿಯಮದಲ್ಲೇ ಇದೆ: ವೈದ್ಯರು 5 ವರ್ಷಕ್ಕೆ ಕನಿಷ್ಠ 30 ಗಂಟೆ ಇಂಥ ಕಾರ್ಯಕ್ರಮಗಳಲ್ಲಿ ಕೂರಬೇಕು. ವರ್ಷಕ್ಕೆ 6 ಗಂಟೆ. ಲೆಕ್ಕ ಹಾಕಿದರೆ ಏನೂ ಜಾಸ್ತಿ ಅಲ್ಲ. ಆದರೂ ನಾಲ್ಕೂವರೆ ವರ್ಷ ಸುಮ್ನೆ ಇದ್ದು ಕೊನೆಯ ಆರು ತಿಂಗಳಲ್ಲಿ "ಯಾವುದಾದರೂ ಸಿಎಂಇ ಇದ್ದರೆ ಹೇಳಿ" ಎಂದು ಫೋನ್ ಮಾಡುವವರು ಎಲ್ಲ ಊರಲ್ಲೂ ಇದ್ದಾರೆ. 2020ರಲ್ಲಿ ಹಳೆಯ ಮೆಡಿಕಲ್ ಕೌನ್ಸಿಲ್ ಹೋಗಿ ರಾಷ್ಟ್ರೀಯ ವೈದ್ಯಕೀಯ ಆಯೋಗ ಬಂತು. ಅದು 2023ರ ಆಗಸ್ಟ್‌ನಲ್ಲಿ ಹೊಸ ನಿಯಮ ಹೊರಡಿಸಿ, ಅದೇ ತಿಂಗಳು ತಡೆಹಿಡಿಯಿತು. ಹಾಗಾಗಿ 2002ರದ್ದೇ ಮುಂದುವರಿಯಿತು.

ಕರ್ನಾಟಕದಲ್ಲಿ ಕ್ರೆಡಿಟ್ ಕೊಡುವುದು ಕರ್ನಾಟಕ ಮೆಡಿಕಲ್ ಕೌನ್ಸಿಲ್. ಎಷ್ಟು ಗಂಟೆ ಎಂದು ಹೇಳುವವರೂ ಅವರೇ. ಅರ್ಜಿ ಮೊದಲೇ ಹೋಗಬೇಕು. ಕಾರ್ಯಕ್ರಮ ಮುಗಿಸಿ "ಈಗ ಕೊಡಿ" ಎಂದರೆ ಆಗುವುದಿಲ್ಲ. ಮಂಜೂರಾಗುವ ಮೊದಲೇ ಪೋಸ್ಟರ್‌ನಲ್ಲಿ "ಕ್ರೆಡಿಟ್ ಉಂಟು" ಎಂದು ಹಾಕುವುದಂತೂ ಬೇಡವೇ ಬೇಡ. ಅರ್ಜಿ ಹಾಕಿದ್ದೇವೆ ಎನ್ನುವುದು ಬೇರೆ, ಸಿಕ್ಕಿದೆ ಎನ್ನುವುದು ಬೇರೆ. ಇನ್ನು ಅಮೆರಿಕದ ಕ್ರೆಡಿಟ್ ಹಾಕಿರುವ ಆನ್‌ಲೈನ್ ಕೋರ್ಸ್ ಮಾಡಿದವರು, ಅದು ಇಲ್ಲಿ ತನ್ನಿಂತಾನೇ ನಡೆಯುತ್ತದೆ ಎಂದುಕೊಳ್ಳಬೇಡಿ. ನಮ್ಮ ಕೌನ್ಸಿಲ್‌ಗೆ ಕೇಳಿ.

ಒಂದೂವರೆ ಗಂಟೆಯಲ್ಲಿ ಎಂತ ಹೇಳಿಕೊಡುತ್ತೀರಿ?

ಮುಖ್ಯವಾಗಿ ಒಂದೇ ವಿಷಯ ಹಿಡಿದುಕೊಂಡಿದ್ದೇವೆ. ಸಿಎಂಇ ಮಾಡೋಣ ಎಂದ ಕೂಡಲೇ ನಮ್ಮ ಮೊದಲ ಪ್ರಶ್ನೆ "ಸ್ಪೀಕರ್ ಯಾರನ್ನು ಕರೆಯೋಣ?" ಎರಡನೆಯದು "ಹಾಲ್ ಯಾವುದು?" ಮೂರನೆಯದು ಊಟ. ಕೇಳಲು ಬರುವ ಡಾಕ್ಟರಿಗೆ ದಿನನಿತ್ಯ ಎಲ್ಲಿ ಕಷ್ಟವಾಗುತ್ತಿದೆ ಎಂಬ ಪ್ರಶ್ನೆ ಕೊನೆಗೂ ಬರುವುದಿಲ್ಲ. ಅದನ್ನು ಮೊದಲಿಗೆ ತರುವುದು ಹೇಗೆ ಎಂದು ಕಲಿಯೋಣ.

ಒಂದು ಉದಾಹರಣೆ ಇಲ್ಲೇ ಕೊಡುತ್ತೇನೆ, ಸೆಷನ್‌ನಲ್ಲೂ ಇದನ್ನೇ ತೆಗೆದುಕೊಳ್ಳುತ್ತೇವೆ. ಮಂಗಳೂರು ಎಂದರೆ ಮಲೇರಿಯಾ ಗೊತ್ತೇ ಇರುವ ಕಥೆ. ಮಳೆ ಬಿತ್ತು, ಕಟ್ಟಡದ ಕೆಲಸ ನಡೆಯುವಲ್ಲಿ ನೀರು ನಿಂತಿತು, ಸೊಳ್ಳೆ ಬಂತು. ಇಲ್ಲಿ ಜಾಸ್ತಿ ಕಾಣುವುದು ವೈವಾಕ್ಸ್ ಎಂಬ ಬಗೆಯ ಮಲೇರಿಯಾ. ಅದಕ್ಕೊಂದು ಸಿಎಂಇ ಮಾಡಿದರೆ ಹೆಸರು "ಮಲೇರಿಯಾದಲ್ಲಿ ಹೊಸ ಬೆಳವಣಿಗೆಗಳು". ಮೊದಲ ಇಪ್ಪತ್ತು ನಿಮಿಷ ಪರಾವಲಂಬಿಯ ಜೀವನಚಕ್ರ, ಎಂಬಿಬಿಎಸ್‌ನಲ್ಲಿ ಕಲಿತ ಅದೇ ಚಿತ್ರ. ಹಿಂದಿನ ಸಾಲಿನಲ್ಲಿ ಕೂತವರು ಫೋನ್ ತೆಗೆಯುತ್ತಾರೆ.

ಕಷ್ಟ ಇರುವುದು ಬೇರೆ ಕಡೆ. ವೈವಾಕ್ಸ್‌ಗೆ ಕ್ಲೋರೋಕ್ವಿನ್ 3 ದಿನ, ಪ್ರೈಮಾಕ್ವಿನ್ 14 ದಿನ. ಜ್ವರ ಮೂರ್ನಾಲ್ಕು ದಿನಕ್ಕೆ ಬಿಡುತ್ತದೆ. ಬಿಟ್ಟ ಕೂಡಲೇ ಮನುಷ್ಯ ಕೆಲಸಕ್ಕೆ ಹೋಗುತ್ತಾನೆ, ಮಾತ್ರೆ ಐದನೇ ದಿನಕ್ಕೆ ನಿಲ್ಲುತ್ತದೆ. ಆದರೆ ಪರಾವಲಂಬಿ ಲಿವರ್‌ನಲ್ಲಿ ಅಡಗಿ ಕೂತಿರುತ್ತದೆ. ಎಷ್ಟೋ ವಾರ, ತಿಂಗಳು ಕಳೆದ ಮೇಲೆ ಮತ್ತೆ ಚಳಿ, ಮತ್ತೆ ಜ್ವರ. ಡಾಕ್ಟರಿಗೆ ಈ ವಿಜ್ಞಾನ ಗೊತ್ತಿಲ್ಲವಾ? ಚೆನ್ನಾಗಿ ಗೊತ್ತು. ಕ್ಯೂನಲ್ಲಿ ನಲವತ್ತು ಜನ ಇರುವಾಗ, ಎದುರಿಗೆ ಕೂತವನಿಗೆ ಹಿಂದಿಯೋ ಬಂಗಾಳಿಯೋ ಮಾತ್ರ ಬರುವಾಗ, 14 ದಿನ ಯಾಕೆ ಎಂದು ಒಂದು ನಿಮಿಷದಲ್ಲಿ ಹೇಳಿ ಒಪ್ಪಿಸುವುದು ಹೇಗೆ ಎಂಬುದು ಗೊತ್ತಿಲ್ಲ. ಪ್ರೈಮಾಕ್ವಿನ್ ರಕ್ತಕ್ಕೆ ತೊಂದರೆ ಮಾಡಬಹುದಾ ಎಂದು ನೋಡುವ ಜಿ6ಪಿಡಿ ಪರೀಕ್ಷೆಯ ರಿಪೋರ್ಟ್ ಬರುವ ತನಕ ಆ ಮಾತ್ರೆ ಕೊಡದೆ ಕಳಿಸಿದ ರೋಗಿ ಮತ್ತೆ ಬಾರದಿದ್ದರೆ ಹುಡುಕುವವರು ಯಾರು ಎಂಬುದು ಗೊತ್ತಿಲ್ಲ.

ಇದು ನಿಮಗೆ ತಿಳಿಯಬೇಕಾದರೆ ದೊಡ್ಡ ಸರ್ವೇ ಬೇಡ. ನಾಲ್ಕು ಫೋನ್ ಸಾಕು: ಕ್ಯಾಶುವಲ್ಟಿಯ ಸಿಸ್ಟರ್ ಒಬ್ಬರಿಗೆ, ಲ್ಯಾಬ್ ಟೆಕ್ನಿಶಿಯನ್‌ಗೆ, ಮೆಡಿಕಲ್ ಶಾಪ್‌ನವರಿಗೆ, ಊರಲ್ಲಿ ಕ್ಲಿನಿಕ್ ಇಟ್ಟಿರುವ ಒಬ್ಬ ಡಾಕ್ಟರಿಗೆ. ಮೆಡಿಕಲ್ ಶಾಪ್‌ನವರು ಹೇಳುವುದನ್ನು ಯಾವ ಎಚ್ಒಡಿಯೂ ಹೇಳಲಾರರು. "ಸರ್, 14 ದಿನದ್ದು ಬರೆದು ಕೊಟ್ಟಿರ್ತಾರೆ, ಐದು ದಿನದ್ದು ಕೊಡಿ ಸಾಕು ಅಂತಾರೆ." ನಿಮ್ಮ ಸಿಎಂಇಯ ವಿಷಯ ಅಲ್ಲೇ ಸಿಕ್ಕಿತು.

ಆಮೇಲೆ ಉದ್ದೇಶ ಬರೆಯುವುದು. "ಭಾಗವಹಿಸಿದವರು ಮಲೇರಿಯಾ ಚಿಕಿತ್ಸೆಯನ್ನು ಅರ್ಥ ಮಾಡಿಕೊಳ್ಳುತ್ತಾರೆ" ಎಂದು ಬರೆದರೆ ನಾನು ಕೆಂಪು ಗೆರೆ ಎಳೆಯುತ್ತೇನೆ. ಅರ್ಥವಾಯಿತೋ ಇಲ್ಲವೋ ಎಂದು ಯಾರು ಹೊಟ್ಟೆಯೊಳಗೆ ಹೋಗಿ ನೋಡುತ್ತಾರೆ? "ವೈವಾಕ್ಸ್ ರೋಗಿಗೆ 14 ದಿನದ ಮಾತ್ರೆ ಯಾಕೆಂದು ಒಂದು ನಿಮಿಷದಲ್ಲಿ, ರೋಗಿಯ ಭಾಷೆಯಲ್ಲಿ ಹೇಳುತ್ತಾರೆ" ಎಂದು ಬರೆಯಿರಿ. ಇದನ್ನು ಹಾಲ್‌ನಲ್ಲೇ ಮಾಡಿಸಿ ನೋಡಬಹುದು. ತುಳು, ಬ್ಯಾರಿ, ಕೊಂಕಣಿ, ಮಲಯಾಳ, ಹಿಂದಿ ಎಲ್ಲದರಲ್ಲೂ ಹೇಳುವವರು ನಮ್ಮಲ್ಲೇ ಸಿಗುತ್ತಾರೆ, ಅಲ್ವಾ?

ಲೆಕ್ಚರ್ ಕೇಳಿದರೆ ಉಪಯೋಗವೇ ಇಲ್ಲ ಎನ್ನುತ್ತೀರಾ?

ಅಷ್ಟು ಧೈರ್ಯ ನನಗಿಲ್ಲ. ಒಳ್ಳೆಯ ಮೇಷ್ಟ್ರ ಲೆಕ್ಚರ್ ನಾನೂ ಬಾಯಿ ಬಿಟ್ಟು ಕೇಳಿದ್ದೇನೆ. ಆದರೆ ಕೆನಡಾದ ಡೇವ್ ಡೇವಿಸ್ ಮತ್ತು ಜೊತೆಯವರು 1999ರಲ್ಲಿ ಹಲವು ಅಧ್ಯಯನಗಳನ್ನು ಒಟ್ಟಿಗೆ ನೋಡಿದ ಒಂದು ವಿಮರ್ಶೆ ಪ್ರಕಟಿಸಿದರು. ಬರೀ ಕೂತು ಕೇಳುವ ಸಿಎಂಇಯಿಂದ ವೈದ್ಯರು ಕೆಲಸ ಮಾಡುವ ರೀತಿ ಬದಲಾಗುವುದು ಕಾಣುವುದಿಲ್ಲ, ಚರ್ಚೆ, ಕೇಸ್, ಕೈಯಾರೆ ಮಾಡುವುದು ಸೇರಿದರೆ ಬದಲಾಗಬಹುದು ಎಂಬುದು ಅದರ ಸಾರ. ಇಷ್ಟು ವರ್ಷ ಕಳೆದರೂ ನಮ್ಮ ಬ್ರೋಷರ್‌ಗಳು 40 ನಿಮಿಷದ ಟಾಕ್, 5 ನಿಮಿಷದ ಪ್ರಶ್ನೆ ಎಂದೇ ಇವೆ. ಆ 5 ನಿಮಿಷವೂ ಟಾಕ್ ಉದ್ದವಾಗಿ ಹೋಗಿಬಿಡುತ್ತದೆ.

ಹಾಗೆಂದು ಈ ಸೆಷನ್‌ನಲ್ಲಿ ನಾವೇ ಲೆಕ್ಚರ್ ಬಿಗಿದರೆ ನೀವು ಬೈಯಬೇಕು. ಯಾರೂ ಒಮ್ಮೆಗೆ 12 ನಿಮಿಷಕ್ಕಿಂತ ಹೆಚ್ಚು ಮಾತಾಡುವುದಿಲ್ಲ. ನಡುವೆ ಪೋಲ್ ಇದೆ. ಸಣ್ಣ ಗುಂಪುಗಳಾಗಿ ಕೂತು ನಿಮ್ಮದೇ ಮುಂದಿನ ಸಿಎಂಇಯ ಒಂದು ಉದ್ದೇಶ ಬರೆಯುವುದಿದೆ. ಒಂದು ಟಾಪಿಕ್ ಯೋಚಿಸಿಕೊಂಡು ಬನ್ನಿ, ಇಲಿಜ್ವರವಾದರೂ ಸರಿ, ಸಕ್ಕರೆ ಕಾಯಿಲೆಯವರ ಪಾದವಾದರೂ ಸರಿ.

ಬುಧವಾರ ಮಧ್ಯಾಹ್ನ 2.30 ಯಾಕೆ? ಭಾನುವಾರ ಇಡಬಹುದಿತ್ತು.

ಭಾನುವಾರ ಬೆಳಗ್ಗೆ ಅರ್ಧ ಮಂಗಳೂರು ಚರ್ಚ್‌ನಲ್ಲಿ, ಉಳಿದರ್ಧ ಮದುವೆ ಹಾಲ್‌ನಲ್ಲಿ. ಮಧ್ಯಾಹ್ನ ಎಲ್ಲರಿಗೂ ಕೋಳಿ ಸುಕ್ಕ, ನಿದ್ದೆ. ಸಂಜೆ ಇಡೋಣ ಎಂದರೆ ಕ್ಲಿನಿಕ್. ನಮ್ಮ ಕಡೆ ಕ್ಲಿನಿಕ್‌ನವರಿಗೆ ಮಧ್ಯಾಹ್ನದ ಹೊತ್ತೇ ಒಂದಿಷ್ಟು ಪುರುಸೊತ್ತು. ಆಫೀಸಿನವರಿಗೂ ಊಟ ಆಗಿರುತ್ತದೆ. 4 ಗಂಟೆಗೆ ಮುಗಿಸುತ್ತೇವೆ, 4.05 ಆಗುವುದಿಲ್ಲ. ಅದೇ ಸೆಷನ್ ಮುಂದಿನ ಬುಧವಾರವೂ ಇದೆ, ಯಾವುದಾದರೂ ಒಂದಕ್ಕೆ ಬನ್ನಿ. ತಾರೀಖು, ಲಿಂಕ್ ಎರಡೂ ನೋಂದಣಿಯ ಉತ್ತರದಲ್ಲಿ ಬರುತ್ತದೆ.

ಕನ್ನಡದಲ್ಲಾ, ಇಂಗ್ಲಿಷ್‌ನಲ್ಲಾ?

ಕನ್ನಡದಲ್ಲಿ. ಅಂದರೆ ನಾವು ಆಸ್ಪತ್ರೆಯಲ್ಲಿ ಮಾತಾಡುವ ಕನ್ನಡದಲ್ಲಿ. ಒಪಿಡಿಗೆ ಒಪಿಡಿ ಎಂದೇ ಹೇಳುತ್ತೇವೆ. ಪ್ರಶ್ನೆ ತುಳುವಿನಲ್ಲಿ ಬಂದರೆ ತುಳುವಿನಲ್ಲೇ ಉತ್ತರ, ಆಮೇಲೆ ಉಳಿದವರಿಗೆ ಕನ್ನಡದಲ್ಲಿ.

ನಾನು ಡಾಕ್ಟರ್ ಅಲ್ಲ. ಆಫೀಸಿನಲ್ಲಿ ಕೆಲಸ. ನನಗೆ ಅರ್ಥವಾಗುತ್ತದಾ?

ನಿಮಗೇ ಜಾಸ್ತಿ ಅರ್ಥವಾಗುತ್ತದೆ. ಹೋದ ಹತ್ತು ಸಿಎಂಇಯಲ್ಲಿ ಎಷ್ಟು ಜನ ಸಹಿ ಹಾಕಿ ಊಟಕ್ಕೆ ಮೊದಲೇ ಹೊರಟರು ಎಂಬುದು ನಿಮಗಲ್ಲದೆ ಯಾರಿಗೆ ಗೊತ್ತು?

ಉಚಿತ ಅಂತ ಹೇಳಿದರೂ ನಮ್ಮ ಕಾರ್ಯಕ್ರಮಕ್ಕೆ ಜನ ಬರುವುದಿಲ್ಲ. ಅದಕ್ಕೆ ಏನಾದರೂ ಹೇಳುತ್ತೀರಾ?

ಕೊನೆಯ ಅರ್ಧ ಗಂಟೆ ಅದಕ್ಕೇ. ಬಂದ ಪ್ರಶ್ನೆಗಳಲ್ಲಿ ಅತಿ ಹೆಚ್ಚು ಇದೇ, ಹಾಗಾಗಿ ಇಲ್ಲಿ ಸ್ವಲ್ಪ ಉದ್ದ ಬರೆಯುತ್ತೇನೆ.

ಮೊದಲು ನಮ್ಮ ಪೋಸ್ಟರ್ ನೋಡೋಣ. ಮೇಲೆ ಲೋಗೋ ಮೂರು. ಕೆಳಗೆ ಚೀಫ್ ಪೇಟ್ರನ್, ಪೇಟ್ರನ್, ಅಡ್ವೈಸರ್, ಚೇರ್‌ಪರ್ಸನ್, ಕೋ-ಚೇರ್‌ಪರ್ಸನ್, ಎಲ್ಲರ ಫೋಟೊ. ಯಾರ ಫೋಟೊ ಮೇಲೆ, ಯಾರದ್ದು ಕೆಳಗೆ ಎಂದು ಎರಡು ದಿನ ಜಗಳ. ಸಿಎಂಇ ಯಾವುದರ ಬಗ್ಗೆ ಎಂಬುದು ಇರುವೆ ಗಾತ್ರದ ಅಕ್ಷರದಲ್ಲಿ. ಇದನ್ನು ವಾಟ್ಸಾಪ್‌ನಲ್ಲಿ ಹಾಕುತ್ತೇವೆ. ನೋಂದಣಿಯ ಲಿಂಕ್ ಚಿತ್ರದೊಳಗೇ ಅಚ್ಚಾಗಿದೆ, ಒತ್ತಿದರೆ ತೆರೆಯುವುದಿಲ್ಲ. ಪಕ್ಕದಲ್ಲಿ ಕ್ಯೂಆರ್ ಕೋಡ್ ಇದೆ. ಆದರೆ ಪೋಸ್ಟರ್ ಇರುವುದೇ ಫೋನ್‌ನಲ್ಲಿ. ಅದನ್ನು ಸ್ಕ್ಯಾನ್ ಮಾಡಲು ಹೆಂಡತಿಯ ಫೋನ್ ತರಬೇಕು. ಯಾವ ಡಾಕ್ಟರ್ ತರುತ್ತಾರೆ ಮಾರಾಯ್ರೆ?

ಪೋಸ್ಟರ್ ಬೇಕಾದರೆ ಹಾಕಿ, ಹಿರಿಯರಿಗೆ ಬೇಸರ ಬೇಡ. ಅದರ ಜೊತೆಗೆ ನಾಲ್ಕು ಸಾಲು ಬರಹ ಇರಲಿ. ಮೊದಲ ಸಾಲಿನಲ್ಲಿ ಅವರ ಕಷ್ಟ: "ಮಲೇರಿಯಾ ರೋಗಿ ಮಾತ್ರೆ ಅರ್ಧಕ್ಕೆ ಬಿಟ್ಟು ಮತ್ತೆ ಜ್ವರ ಎಂದು ಬರುತ್ತಿದ್ದಾರಾ?" ಎರಡನೆಯದರಲ್ಲಿ ವಾರ, ತಾರೀಖು, ಗಂಟೆ. ಮೂರನೆಯದರಲ್ಲಿ ಉಚಿತ, ಕ್ರೆಡಿಟ್ ಇದೆಯೋ ಇಲ್ಲವೋ. ನಾಲ್ಕನೆಯದರಲ್ಲಿ ಒತ್ತಿದರೆ ತೆರೆಯುವ ಲಿಂಕ್. ಅಷ್ಟೇ.

ಯಾವಾಗ ಕಳಿಸುವುದು? ಬೆಳಗ್ಗೆ 10ಕ್ಕೆ ಕಳಿಸಿದ್ದು ಒಪಿಡಿಯ ಗಲಾಟೆಯಲ್ಲಿ ಮುಳುಗುತ್ತದೆ. ಆಮೇಲೆ ಗುಂಪಿನಲ್ಲಿ ನಲವತ್ತು "ಗುಡ್ ಮಾರ್ನಿಂಗ್" ಹೂವು ಅದರ ಮೇಲೆ ಬಿದ್ದಿರುತ್ತದೆ. ನಾನು ಮಧ್ಯಾಹ್ನ ಒಂದೂವರೆಗೆ ಅಥವಾ ರಾತ್ರಿ ಒಂಬತ್ತರ ನಂತರ ಕಳಿಸುತ್ತೇನೆ. ಬ್ರಾಡ್‌ಕಾಸ್ಟ್ ಲಿಸ್ಟ್ ಮಾಡಿದ್ದೀರಾದರೆ ಒಂದು ಮಾತು ನೆನಪಿಡಿ: ನಿಮ್ಮ ನಂಬರ್ ಸೇವ್ ಮಾಡಿಕೊಂಡವರಿಗೆ ಮಾತ್ರ ಆ ಮೆಸೇಜ್ ಹೋಗುತ್ತದೆ. ಇನ್ನೂರು ಜನಕ್ಕೆ ಕಳಿಸಿದೆ ಎಂದು ನೀವು ನಿಶ್ಚಿಂತೆಯಿಂದ ಇರುತ್ತೀರಿ, ಅದರಲ್ಲಿ ಎಷ್ಟೋ ಜನರಿಗೆ ಬಂದೇ ಇರುವುದಿಲ್ಲ.

ಗುಂಪಿಗೆ ಕಳಿಸಿದ್ದಕ್ಕಿಂತ ಪರಿಚಯದವರೊಬ್ಬರು ಹೇಳಿದ್ದು ನಾಟುತ್ತದೆ. ಪ್ರತಿ ತಾಲೂಕಿನಲ್ಲಿ ಒಬ್ಬರನ್ನು ಹಿಡಿಯಿರಿ. ಬೈಂದೂರಿನ ಡಾಕ್ಟರಿಗೆ ಮಂಗಳೂರಿನ ಪ್ರೊಫೆಸರ್ ಹೇಳುವುದಕ್ಕಿಂತ ಬೈಂದೂರಿನ ಇನ್ನೊಬ್ಬ ಡಾಕ್ಟರ್ "ನಾನು ಹೋಗ್ತಾ ಇದ್ದೇನೆ, ನೀವೂ ಬನ್ನಿ" ಎನ್ನಲಿ.

ಹೆಸರು ಕೊಟ್ಟವರೆಲ್ಲ ಬರುವುದಿಲ್ಲ, ಉಚಿತವಾದರಂತೂ ಇನ್ನೂ ಕಡಿಮೆ. ಫಾರ್ಮ್ ತುಂಬಿಸುವಾಗ ಒಂದು ಪ್ರಶ್ನೆ ಕೇಳಿ: "ಈ ವಿಷಯದಲ್ಲಿ ನಿಮಗೆ ಕಷ್ಟವಾದ ಒಂದು ಕೇಸ್ ಯಾವುದು?" ಬರೆದವರು ತಮ್ಮ ಪ್ರಶ್ನೆಗೆ ಉತ್ತರ ಸಿಗುತ್ತದಾ ಎಂದು ನೋಡಲಾದರೂ ಬರುತ್ತಾರೆ. ಹಿಂದಿನ ದಿನ ಒಂದು ನೆನಪೋಲೆ, ಶುರುವಾಗುವ ಅರ್ಧ ಗಂಟೆ ಮೊದಲು ಲಿಂಕ್ ಸಮೇತ ಇನ್ನೊಂದು. ಅದಕ್ಕಿಂತ ಹೆಚ್ಚು ಕಳಿಸಿದರೆ ನಿಮ್ಮನ್ನು ಮ್ಯೂಟ್ ಮಾಡುತ್ತಾರೆ.

ವಾರ, ತಾರೀಖು ಎರಡನ್ನೂ ಕ್ಯಾಲೆಂಡರ್ ಇಟ್ಟುಕೊಂಡು ನೋಡಿ. ಒಮ್ಮೆ ನಮ್ಮದೇ ಪೋಸ್ಟರ್‌ನಲ್ಲಿ ಭಾನುವಾರ ಎಂದು ಬರೆದು ಶನಿವಾರದ ತಾರೀಖು ಹಾಕಿದ್ದೆವು. ಆರು ಜನ ಪ್ರೂಫ್ ನೋಡಿದ್ದೆವು, ಎಲ್ಲರೂ ನೋಡಿದ್ದು ತಮ್ಮ ಹೆಸರನ್ನು. ಕಾರ್ಕಳದ ಹಿರಿಯ ಡಾಕ್ಟರೊಬ್ಬರು ತಾರೀಖು ನಂಬಿ ಶನಿವಾರವೇ 50 ಕಿಲೋಮೀಟರ್ ಕಾರು ಓಡಿಸಿಕೊಂಡು ಬಂದರು. ಒಂಬತ್ತು ಗಂಟೆಗೆ ನನಗೆ ಫೋನ್: "ಎಂತ, ಇಲ್ಲಿ ನಾನೂ ವಾಚ್‌ಮನ್ನೂ ಇಬ್ಬರೇ ಇದ್ದೇವಲ್ಲ?" ವಾಚ್‌ಮನ್ ಅವರಿಗೆ ತನ್ನ ಕುರ್ಚಿ ಕೊಟ್ಟು ಚಹಾ ತರಿಸಿದ್ದನಂತೆ. ಮರುದಿನ ಅವರು ಮತ್ತೆ ಬಂದರು, ಅದು ಅವರ ದೊಡ್ಡತನ.

ಸ್ಲೈಡ್‌ನಲ್ಲಿ ರೋಗಿಯ ಫೋಟೊ ಹಾಕಬಹುದಾ? ಎಲ್ಲರೂ ಹಾಕುತ್ತಾರಲ್ಲ?

ಎಲ್ಲರೂ ಹಾಕುತ್ತಾರೆ ಎಂಬುದೇ ತೊಂದರೆ. ಒಪ್ಪಿಗೆ ಇಲ್ಲದೆ ಗುರುತು ಸಿಗುವ ಹಾಗೆ ರೋಗಿಯ ಫೋಟೊ, ಕೇಸ್ ಪ್ರಕಟಿಸಬಾರದು ಎಂದು 2002ರ ನಿಯಮದಲ್ಲೇ ಇದೆ. ಕಣ್ಣಿನ ಮೇಲೆ ಕಪ್ಪು ಪಟ್ಟಿ ಎಳೆದರೆ ಸಾಕು ಎಂದುಕೊಂಡಿದ್ದೇವೆ. ಸಣ್ಣ ಊರಲ್ಲಿ ಕೆನ್ನೆಯ ಮಚ್ಚೆ ನೋಡಿಯೇ ಜನ ಗುರುತು ಹಿಡಿಯುತ್ತಾರೆ. ಎಕ್ಸ್‌ರೇ, ಸಿಟಿಯ ಮೂಲೆಯಲ್ಲಿ ಹೆಸರು, ವಯಸ್ಸು, ಆಸ್ಪತ್ರೆ ನಂಬರ್ ಇರುತ್ತದೆ. ಸ್ಪೀಕರ್ ಗಮನಿಸಿರುವುದಿಲ್ಲ, ನೀವು ಗಮನಿಸಿ. ಆನ್‌ಲೈನ್ ಆದರೆ ಯಾರು ಸ್ಕ್ರೀನ್‌ಶಾಟ್ ತೆಗೆದರು ಎಂದು ಹೇಳಲು ಬರುವುದಿಲ್ಲ. ಹಾಗಾಗಿ ಸ್ಲೈಡ್ ಎರಡು ದಿನ ಮೊದಲೇ ತರಿಸಿ, ಮೂಲೆ ಮೂಲೆ ನೋಡಿ.

ಹಾಲ್ ಒಳ್ಳೆಯದಾ, ಆನ್‌ಲೈನ್ ಒಳ್ಳೆಯದಾ?

ಹೊಲಿಗೆ ಹಾಕುವುದು, ಉಸಿರಿನ ಕೊಳವೆ ಇಳಿಸುವುದು ಇಂಥದ್ದಕ್ಕೆ ಹಾಲ್ ಬೇಕೇ ಬೇಕು. ಕೇಸ್ ಚರ್ಚೆಗೆ ಆನ್‌ಲೈನ್ ಏನೂ ಕಡಿಮೆ ಅಲ್ಲ. 2003ರಲ್ಲಿ ಅಮೆರಿಕದ ನ್ಯೂ ಮೆಕ್ಸಿಕೋದಲ್ಲಿ ಡಾ. ಸಂಜೀವ್ ಅರೋರಾ 'ಎಕೋ' ಎಂಬ ಯೋಜನೆ ಶುರುಮಾಡಿದರು. ಹೆಪಟೈಟಿಸ್ ಸಿ ರೋಗಿಗಳು ದೂರದ ಹಳ್ಳಿಗಳಿಂದ ಇವರ ಆಸ್ಪತ್ರೆಗೆ ಬರಬೇಕಿತ್ತು, ತಿಂಗಳುಗಟ್ಟಲೆ ಕಾಯಬೇಕಿತ್ತು. ಇವರು ವಾರಕ್ಕೊಮ್ಮೆ ವಿಡಿಯೋದಲ್ಲಿ ಹಳ್ಳಿಯ ವೈದ್ಯರ ಜೊತೆ ಕೂತು ಅವರದೇ ಕೇಸ್ ಚರ್ಚಿಸಿದರು. 2011ರಲ್ಲಿ ಬಂದ ಅಧ್ಯಯನದಲ್ಲಿ ಹಳ್ಳಿಯ ವೈದ್ಯರ ಕೈಯಲ್ಲೂ ದೊಡ್ಡ ಆಸ್ಪತ್ರೆಯಷ್ಟೇ ರೋಗಿಗಳು ಗುಣವಾಗಿದ್ದರು. ಸುಳ್ಯ, ಬೈಂದೂರು, ಹೆಬ್ರಿಯ ಡಾಕ್ಟರುಗಳನ್ನು ಒಂದು ಗಂಟೆಯ ಮಾತಿಗೆ ದಿನವಿಡೀ ಕ್ಲಿನಿಕ್ ಮುಚ್ಚಿಸಿ ಕರೆಸುವ ಮೊದಲು ಇದನ್ನು ಯೋಚಿಸಿ.

ಒಂದು ಎಚ್ಚರಿಕೆ. ಜೂಮ್‌ನ ಉಚಿತ ಅಕೌಂಟ್ 40 ನಿಮಿಷಕ್ಕೆ ಕಡಿಯುತ್ತದೆ, 100 ಜನಕ್ಕಿಂತ ಹೆಚ್ಚು ಹಿಡಿಸುವುದಿಲ್ಲ. ಸ್ಪೀಕರ್ ವಾಕ್ಯದ ನಡುವೆ ಮಾಯವಾದ ಮೇಲೆ ಇದು ಗೊತ್ತಾಗುವುದು ಬೇಡ.

ಫೀಡ್‌ಬ್ಯಾಕ್ ಫಾರ್ಮ್‌ನಲ್ಲಿ ಎಲ್ಲರೂ "ಎಕ್ಸಲೆಂಟ್" ಎಂದು ಬರೆಯುತ್ತಾರೆ. ಅದು ಸಾಲದಾ?

ಫಾರ್ಮ್ ಕೊಟ್ಟರೆ ಸರ್ಟಿಫಿಕೇಟ್ ಎಂದರೆ ಯಾರಾದರೂ ಎಕ್ಸಲೆಂಟ್ ಎಂದೇ ಬರೆಯುತ್ತಾರೆ. 2009ರಲ್ಲಿ ಡೊನಾಲ್ಡ್ ಮೂರ್ ಮತ್ತು ಇನ್ನಿಬ್ಬರು ಸಿಎಂಇಯ ಫಲ ಅಳೆಯಲು 7 ಮೆಟ್ಟಿಲು ಹೇಳಿದರು. ಬಂದರಾ, ಖುಷಿಯಾಯಿತಾ, ಕಲಿತರಾ, ಮಾಡಿ ತೋರಿಸಬಲ್ಲರಾ, ಕೆಲಸದಲ್ಲಿ ಮಾಡುತ್ತಿದ್ದಾರಾ, ರೋಗಿಗೆ ಒಳ್ಳೆಯದಾಯಿತಾ, ಊರಿಗೆ ಒಳ್ಳೆಯದಾಯಿತಾ. ನಾವು ಹೆಚ್ಚಾಗಿ ಎರಡನೇ ಮೆಟ್ಟಿಲಲ್ಲಿ ಕೂತು ಫೋಟೊ ತೆಗೆಸಿಕೊಳ್ಳುತ್ತೇವೆ. ಐದಕ್ಕೆ ಹತ್ತಲು ಸುಲಭದ ಒಂದು ದಾರಿ ಇದೆ: ಆರು ವಾರ ಬಿಟ್ಟು ಹತ್ತು ಜನಕ್ಕೆ ಫೋನ್ ಮಾಡಿ "ಅಂದು ಕೇಳಿದ್ದರಲ್ಲಿ ಏನನ್ನು ಮಾಡಿದಿರಿ, ಏನನ್ನು ಮಾಡಲಾಗಲಿಲ್ಲ?" ಎಂದು ಕೇಳುವುದು. ಮಾಡಲಾಗದ್ದರ ಪಟ್ಟಿಯೇ ಮುಂದಿನ ಸಿಎಂಇ.

ಕರೆಂಟ್ ಹೋದರೆ, ನೆಟ್‌ವರ್ಕ್ ಹೋದರೆ?

ಮಳೆಗಾಲದಲ್ಲಿ ಗುಡುಗು ಸಿಡಿಲಿಗೆ ಎರಡೂ ಹೋಗುತ್ತದೆ. ಮೊಬೈಲ್‌ನಲ್ಲೇ ಸೇರಿ, ಚಾರ್ಜ್ ಮಾಡಿಟ್ಟುಕೊಳ್ಳಿ. ನೆಟ್‌ವರ್ಕ್ ಕಡಿಮೆ ಇದ್ದರೆ ವಿಡಿಯೋ ಆಫ್ ಮಾಡಿ, ಧ್ವನಿಯಾದರೂ ಕಡಿಯದೆ ಕೇಳಬಹುದು. ನಮ್ಮ ಕಡೆಯದ್ದು ಹೋದರೆ ಇನ್ನೊಬ್ಬರು ಬೇರೆ ಊರಿನಿಂದ ಹೋಸ್ಟ್ ಆಗಿರುತ್ತಾರೆ, ಸೆಷನ್ ನಿಲ್ಲುವುದಿಲ್ಲ.

ಮೈಕ್ ಆನ್ ಇಟ್ಟುಕೊಳ್ಳಬಹುದಾ?

ಮಾತಾಡುವಾಗ ಮಾತ್ರ. ಹಿಂದೊಮ್ಮೆ ಗಂಭೀರವಾದ ಕೇಸ್ ಚರ್ಚೆಯ ನಡುವೆ ಮೀನಿನ ಗಾಡಿಯ ಹಾರ್ನ್, ಹಿಂದೆಯೇ "ಬೂತಾಯಿ ಎಷ್ಟು? ತಾಜಾ ಉಂಟಾ?" ಎಂಬ ಮಾತು 60 ಜನಕ್ಕೂ ಕೇಳಿತು. ರೇಟು ಗೊತ್ತಾದ ಮೇಲೆ ಚಾಟ್‌ನಲ್ಲಿ ಅದರದ್ದೇ ಚರ್ಚೆ.

ರೆಕಾರ್ಡಿಂಗ್ ಸಿಗುತ್ತದಾ?

ಇಲ್ಲ. ರೆಕಾರ್ಡ್ ಆಗುತ್ತಿದೆ ಎಂದರೆ "ನಮ್ಮ ಸಿಎಂಇ ಸೋತದ್ದು ಹೀಗೆ" ಎಂದು ಯಾರೂ ಬಾಯಿ ಬಿಡುವುದಿಲ್ಲ. ಉದ್ದೇಶ ಬರೆಯುವ ಒಂದು ಪುಟ, ನಾಲ್ಕು ಸಾಲಿನ ಮೆಸೇಜ್‌ನ ಮಾದರಿ, ಸ್ಲೈಡ್ ನೋಡುವಾಗಿನ ಪಟ್ಟಿ ಇವನ್ನು ಬಂದವರಿಗೆಲ್ಲ ಕಳಿಸುತ್ತೇವೆ.

ನಾವು ಆಫೀಸಿನಲ್ಲಿ ಐದು ಜನ ಒಂದೇ ಸ್ಕ್ರೀನ್ ಮುಂದೆ ಕೂರಬಹುದಾ?

ಕೂರಬಹುದು. ಆದರೆ ಫಾರ್ಮ್ ಐವರೂ ಬೇರೆ ಬೇರೆ ತುಂಬಿಸಿ, ಗುಂಪು ಮಾಡಲು ಬೇಕು. ಬರಲಾಗದಿದ್ದರೆ ನೋಂದಣಿಯ ಉತ್ತರಕ್ಕೆ "ಬರುವುದಿಲ್ಲ" ಎಂದು ಒಂದು ಪದ ಬರೆದು ಕಳಿಸಿ. ಗುಂಪಿಗೆ ಇಷ್ಟೇ ಜನ ಎಂದು ಇಟ್ಟಿದ್ದೇವೆ, ನಿಮ್ಮ ಜಾಗ ಕಾಯುತ್ತಿರುವವರಿಗೆ ಹೋಗುತ್ತದೆ.